ಚಿತ್ರಕ್ಕೆ ಬೆಲೆ ಹೇಳಲು ಕಲಿತದ್ದು

2024ರ ಜನವರಿ 7, ಭಾನುವಾರ. ಬೆಳಿಗ್ಗೆ ಆರು ಗಂಟೆಗೆಲ್ಲ ನಾನು ಕುಮಾರಕೃಪಾ ರಸ್ತೆಯಲ್ಲಿದ್ದೆ. ಗೂಡ್ಸ್ ಆಟೋದ ಹಿಂದೆ ಫ್ರೇಮ್ ಹಾಕಿಸಿದ 14 ಚಿತ್ರ, ಗಾಜು ಒಡೆಯದಿರಲಿ ಅಂತ ನಡುನಡುವೆ ಹಳೇ ಬೆಡ್‌ಶೀಟು, ಒಂದು ಮಡಚುವ ಕುರ್ಚಿ, ಚಿತ್ರಾನ್ನದ ಡಬ್ಬಿ. ಅದು ನನ್ನ ಮೊದಲ ಚಿತ್ರಸಂತೆ.

ಬೆಂಗಳೂರಿನವರಿಗೆ ಗೊತ್ತೇ ಇರುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ತನ್ನ ಆವರಣದಲ್ಲೂ ಎದುರಿನ ರಸ್ತೆಯಲ್ಲೂ ವರ್ಷಕ್ಕೊಂದು ಭಾನುವಾರ ಈ ಸಂತೆ ನಡೆಸುತ್ತದೆ. ಆವತ್ತು ಆ ರಸ್ತೆಗೆ ವಾಹನ ಬಿಡುವುದಿಲ್ಲ. ನಾನು ಹೋದದ್ದು 21ನೇ ಸಂತೆ. ಬೇರೆ ಬೇರೆ ರಾಜ್ಯಗಳಿಂದ ಸಾವಿರದೈನೂರರಷ್ಟು ಕಲಾವಿದರು ಬಂದಿದ್ದರು. ‘ಮನೆಗೊಂದು ಕಲಾಕೃತಿ’ ಅನ್ನುವುದು ಸಂತೆಯ ಆಶಯ. ನನಗೆ ಆ ಮಾತು ತುಂಬಾ ಇಷ್ಟ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಲು ಹಿಂಜರಿಯುವ ಜನ ಅಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಡಲೆಕಾಯಿ ತಿನ್ನುತ್ತಾ, ಆರಾಮಾಗಿ ಚಿತ್ರ ನೋಡುತ್ತಾರೆ.

ಎಂಟೂವರೆ ಹೊತ್ತಿಗೆ ವಯಸ್ಸಾದ ದಂಪತಿ ನನ್ನ ಒಂದು ಚಿತ್ರದ ಮುಂದೆ ಬಂದು ನಿಂತರು. ಮಳೆಯಲ್ಲಿ ನೆನೆಯುತ್ತಿರುವ ಅಡಿಕೆ ತೋಟದ ಚಿತ್ರ ಅದು. ಆ ಅಮ್ಮ ಹತ್ತಿರ ಬಂದು ನೋಡಿದರು, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು. ಆಮೇಲೆ ಅವರ ಯಜಮಾನರು ಕೇಳಿದರು: "ಎಷ್ಟಮ್ಮಾ ಇದು?"

ಹಿಂದಿನ ರಾತ್ರಿ ಮನಸ್ಸಿನಲ್ಲೇ 5,000 ಅಂತ ಗಟ್ಟಿ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು "ಮೂರು ಸಾವಿರ ಸರ್". ಅವರು ಇನ್ನೂ ಚಿತ್ರವನ್ನೇ ನೋಡುತ್ತಾ ಸುಮ್ಮನಿದ್ದರು. ಆ ಮೌನವನ್ನು ತಡೆಯಲಾಗದೆ ನಾನೇ ಹೇಳಿದೆ: "ಬೋಣಿ ಅಲ್ವಾ ಸರ್, ಎರಡೂವರೆಗೆ ಕೊಡ್ತೀನಿ."

ಅವರು ಚೌಕಾಸಿ ಶುರುವೇ ಮಾಡಿರಲಿಲ್ಲ.

ಸಂಜೆಯವರೆಗೆ ಆರು ಚಿತ್ರ ಹೋದವು. ಒಟ್ಟು 14,500 ರೂಪಾಯಿ ಬಂತು. ಖುಷಿಯಲ್ಲಿ ಕಾಲು ನೋವೂ ಗೊತ್ತಾಗಲಿಲ್ಲ. ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದು ಲೆಕ್ಕ ಬರೆದೆ. ಒಂದು ಫ್ರೇಮಿಗೆ 1,450ರಂತೆ 14ಕ್ಕೆ 20,300. ಚಿತ್ರ ಬರೆಯುವ ಹತ್ತಿಯ ಹಾಳೆ, ಒಂದು ಚಿತ್ರಕ್ಕೆ ಅರ್ಧ ಹಾಳೆಯಂತೆ 400, ಅಲ್ಲಿಗೆ 14ಕ್ಕೆ 5,600. ಆಟೋ, ಬಣ್ಣ, ಕೆಟ್ಟುಹೋಗಿ ಬಿಸಾಕಿದ ಹಾಳೆ ಇವೆಲ್ಲ ಬೇರೆ. ಉಳಿದ ಎಂಟು ಚಿತ್ರ ಮನೆಯಲ್ಲಿತ್ತು, ನಿಜ. ಆದರೆ ಮಾರಿಹೋದ ಆರನ್ನೇ ಹಿಡಿದರೂ, ಒಂದೊಂದಕ್ಕೂ ನನ್ನ ಕೈಗೆ ಸಿಕ್ಕಿದ್ದು ಸುಮಾರು 550 ರೂಪಾಯಿ. ಒಂದೊಂದಕ್ಕೂ ನಾನು ಕೊಟ್ಟದ್ದು ಎರಡು ಮೂರು ದಿನ. ಆವತ್ತು ಸಂತೆಯಲ್ಲಿ ನನಗಿಂತ ಜಾಸ್ತಿ ದುಡಿದದ್ದು ನನ್ನ ಫ್ರೇಮಿನವರು.

ಆ ತೋಟದ ಚಿತ್ರ ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಬೆಲೆಯ ಮಾತು ಅಲ್ಲಿಂದಲೇ ಶುರುವಾಗುತ್ತದೆ. ನಾನು ಬಳಸುವುದು ಜಲವರ್ಣ. ಹಾಳೆಯನ್ನು ಎರಡೂ ಕಡೆ ಒದ್ದೆ ಮಾಡಿ, ಹಲಗೆಗೆ ಅಂಟಿಸಿ, ಹಲಗೆಯ ಒಂದು ಬದಿಗೆ ಪುಸ್ತಕ ಇಟ್ಟು ಸ್ವಲ್ಪ ಓರೆ ಮಾಡಿಕೊಳ್ಳುತ್ತೇನೆ. ಮೊದಲು ಮಳೆ ಮೋಡದ ಬೂದು, ಇಂಡಿಗೋ ನೀಲಿಯ ಜೊತೆ ಚೂರು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸಿ. ಅದು ಮೇಲಿನಿಂದ ಕೆಳಗೆ ಇಳಿಯುತ್ತದೆ. ಆಮೇಲೆ ಕಾಯಬೇಕು. ಒದ್ದೆ ಹಾಳೆ ಮೊದಲು ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ, ನಿಧಾನಕ್ಕೆ ಆ ಹೊಳಪು ಮಂಕಾಗುತ್ತದೆ. ಹೊಳಪು ಹೋಗಿ ತೇವ ಮಾತ್ರ ಉಳಿದ ಆ ಒಂದೆರಡು ನಿಮಿಷದಲ್ಲೇ ದೂರದ ಅಡಿಕೆ ಮರಗಳನ್ನು ಎಳೆಯಬೇಕು. ಮೊದಲೇ ಎಳೆದರೆ ಬಣ್ಣ ಹರಡಿ ಮರವೇ ಕರಗಿಹೋಗುತ್ತದೆ. ತಡವಾದರೆ ಗೆರೆ ಗಟ್ಟಿಯಾಗಿ ಕೂತು, ಮಳೆಯೇ ಇಲ್ಲದ ಹಾಗೆ ಕಾಣುತ್ತದೆ. ತೀರ್ಥಹಳ್ಳಿಯ ಜುಲೈ ತಿಂಗಳಲ್ಲಿ ಈ ಕ್ಷಣಕ್ಕೆ ಹತ್ತು ಹದಿನೈದು ನಿಮಿಷ ಕಾಯಬೇಕು, ಬೆಂಗಳೂರಿನ ಮಾರ್ಚಿನಲ್ಲಿ ಬ್ರಷ್ ತೊಳೆಯುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ. ಐದು ಹಾಳೆ ಶುರು ಮಾಡಿದರೆ ಎರಡು ಉಳಿಯುತ್ತವೆ. ಉಳಿದ ಮೂರರ ಹಿಂಬದಿಯಲ್ಲಿ ನನ್ನ ಶನಿವಾರದ ಕ್ಲಾಸಿನ ಮಕ್ಕಳು ಚಿತ್ರ ಬರೆಯುತ್ತಾರೆ.

ಸಂತೆಯಲ್ಲಿ ಒಬ್ಬರು ಕೇಳಿದರು: "ಇದು ಮಾಡೋಕೆ ಎಷ್ಟು ಹೊತ್ತು ಬೇಕು ಮೇಡಂ?" ನಾನು ಪ್ರಾಮಾಣಿಕವಾಗಿ "ನಲವತ್ತು ನಿಮಿಷ ಸರ್" ಅಂದೆ. "ನಲವತ್ತು ನಿಮಿಷಕ್ಕೆ ಮೂರು ಸಾವಿರಾನಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಸುಲಭವಾಗೇ ಇತ್ತು: ನಲವತ್ತು ನಿಮಿಷ ಈ ಹಾಳೆಗೆ, ಅದರ ಹಿಂದೆ ಕೆಟ್ಟುಹೋದ ಹಾಳೆಗಳಿವೆ, ಅದರ ಹಿಂದೆ ಹನ್ನೊಂದು ವರ್ಷ ಇದೆ. ಆದರೆ ನನಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ಅಪ್ಪ ಕೂತು ದರ್ಜೆ ದರ್ಜೆಯಾಗಿ ಬೇರೆ ಮಾಡುತ್ತಿದ್ದರು, ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಇನ್ನೊಂದು ಕಡೆ. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ನೋಡು, ನಾನು ವರ್ಷ ಪೂರ್ತಿ ಬೆಳೀತೀನಿ. ರೇಟು ಬರೆಯೋದು ಶಿವಮೊಗ್ಗದ ಮಂಡೀಲಿ ಇನ್ನೊಬ್ರು. ಒಂದು ಮುಷ್ಟಿ ಎತ್ತಿ ನೋಡ್ತಾರೆ, ಬರೀತಾರೆ, ಮುಂದೆ ಹೋಗ್ತಾರೆ. ಮೂವತ್ತು ವರ್ಷದಾಗೆ ಒಂದ್ ದಿನಾನೂ ಇಷ್ಟು ಕೊಡಿ ಅಂತ ನಾನು ಹೇಳಿದ್ದಿಲ್ಲ. ಹೇಳೋಕೆ ಬರೋದೂ ಇಲ್ಲ. ನಿನ್ನ ಮಾಲಿಗೆ ರೇಟು ಹೇಳೋಳು ನೀನೇ ಅಲ್ವನೇ? ಅದನ್ನೂ ಬಿಟ್ಟುಕೊಟ್ರೆ ಹೆಂಗೆ?"

ಅಪ್ಪ ನನ್ನ ಚಿತ್ರಗಳ ಬಗ್ಗೆ ಜಾಸ್ತಿ ಮಾತಾಡಿದವರಲ್ಲ. ಕಲಾಶಾಲೆ ಸೇರುತ್ತೇನೆ ಅಂದಾಗ "ಹೊಟ್ಟೆಗೆ ಎಂತ ಮಾಡ್ತೀಯಾ?" ಅಂದಿದ್ದರು, ಅಷ್ಟೇ. ಆವತ್ತು ಅವರು ‘ನಿನ್ನ ಮಾಲು’ ಅಂದದ್ದು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂದರೆ, ಬೆಂಗಳೂರಿಗೆ ವಾಪಸ್ ಬಂದ ವಾರವೇ ಬೆಲೆ ಹಾಕುವುದು ಹೇಗೆ ಅಂತ ಸರಿಯಾಗಿ ಕೂತು ಯೋಚಿಸಿದೆ. ನಾನು ಓದಿದ ಕಲಾಶಾಲೆಯಲ್ಲಿ ಶರೀರ ರಚನೆ, ಬಣ್ಣದ ಪಾಠ, ಕಲಾ ಇತಿಹಾಸ ಎಲ್ಲವನ್ನೂ ಚೆನ್ನಾಗಿ ಹೇಳಿಕೊಟ್ಟರು. ಒಂದು ಬಿಲ್ ಬರೆಯುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ಬಾಡಿಗೆ, ಊಟ, ಮನೆಗೆ ಕಳಿಸುವುದು, ಬಣ್ಣ ಎಲ್ಲ ಸೇರಿ ನನಗೆ ತಿಂಗಳಿಗೆ 30,000 ಬೇಕು. ತಿಂಗಳಲ್ಲಿ ನಿಜವಾಗಿ ಚಿತ್ರದ ಮುಂದೆ ಕೂರುವುದು 15 ದಿನ, ಉಳಿದದ್ದು ಕ್ಲಾಸು, ಓಡಾಟ, ಫೋನು, ಪ್ಯಾಕಿಂಗ್. ಹಾಗಾದರೆ ದಿನಕ್ಕೆ 2,000. ಅರ್ಧ ಹಾಳೆಯ ಒಂದು ಚಿತ್ರಕ್ಕೆ, ಕೆಟ್ಟುಹೋಗುವುದನ್ನೂ ಸೇರಿಸಿ, ಎರಡೂವರೆ ದಿನ. ಅಲ್ಲಿಗೆ 5,000. ಹಾಳೆ, ಕೆಟ್ಟ ಹಾಳೆ, ಮೌಂಟು (ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು) ಸೇರಿ ಇನ್ನೊಂದು ಸಾವಿರದ ಮೇಲೆ. ಗ್ಯಾಲರಿಯಲ್ಲಿಟ್ಟರೆ ಅವರ ಕಮಿಷನ್ ಮೂರನೇ ಒಂದು ಪಾಲೋ ಅದಕ್ಕಿಂತ ಜಾಸ್ತಿಯೋ ಇರುತ್ತದೆ, ಮತ್ತು ಗ್ಯಾಲರಿಯಲ್ಲಿ ಒಂದು ಬೆಲೆ ರಸ್ತೆಯಲ್ಲಿ ಒಂದು ಬೆಲೆ ಇಟ್ಟರೆ ಕೊಂಡವರಿಗೆ ಮೋಸ ಮಾಡಿದ ಹಾಗೆ. ಎಲ್ಲ ಅಳೆದು ಸುರಿದು ಫ್ರೇಮ್ ಇಲ್ಲದೆ 7,500 ಅಂತ ಬರೆದೆ. ಬರೆದ ಮೇಲೂ ಎರಡು ದಿನ ಆ ಅಂಕಿಯನ್ನು ನೋಡಲು ನಾಚಿಕೆಯಾಗುತ್ತಿತ್ತು.

ಚದರ ಇಂಚಿಗೆ ಇಷ್ಟು ಅಂತ ಲೆಕ್ಕ ಹಾಕುವ ಕಲಾವಿದ ಗೆಳೆಯರು ತುಂಬಾ ಜನ ಇದ್ದಾರೆ. ಕ್ಯಾನ್ವಾಸ್ ಕೆಲಸದವರಿಗೆ ಅದು ಅನುಕೂಲ, ಗಿರಾಕಿಗೂ ಅರ್ಥವಾಗುತ್ತದೆ. ನನಗೆ ಒಪ್ಪಿಗೆ ಇಲ್ಲ. ನಮ್ಮ ನಾಡಿನ ಹೆಸರಾಂತ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ನೋಡಿದವರಿಗೆ ಗೊತ್ತು. ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಹಾಳೆಯಲ್ಲಿ ಬೆಟ್ಟದ ಮೇಲೆ ಮಂಜು ಏರುವುದು ಕಾಣುತ್ತದೆ. ಆ ಮಂಜನ್ನು ಯಾವ ಇಂಚುಪಟ್ಟಿಯಲ್ಲಿ ಅಳೆಯುವುದು? ನಾನು ಅಳತೆಯನ್ನು ಹಾಳೆಯ ಖರ್ಚಿಗೆ ಮಾತ್ರ ನೋಡುತ್ತೇನೆ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಅದರ ಹಿಂದಿನ ವರ್ಷ ಒಂದು ಸಂಸ್ಥೆಯವರು ತಮ್ಮ ಡೈರಿಗೆ ಆರು ಚಿತ್ರ ಬರೆಸಿಕೊಂಡಿದ್ದರು. 12,000 ಕೊಟ್ಟರು, ಎಲ್ಲ ಮಾತು ಫೋನಿನಲ್ಲೇ. ಯುಗಾದಿಗೆ ಚಿಕ್ಕಮ್ಮನ ಮನೆಗೆ ಹೋದೆ. ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್, ಅದರಲ್ಲಿ ನನ್ನ ಚಿತ್ರ. ಹಾಲಿನ ಲೆಕ್ಕವನ್ನು ಚಿಕ್ಕಮ್ಮ ನನ್ನ ತೋಟದ ಕೆಳಗೇ ಬರೆದಿದ್ದರು. ಅದು ನನಗೆ ಖುಷಿಯೇ. ಆದರೆ ಎಲ್ಲಿಯೂ ನನ್ನ ಹೆಸರಿರಲಿಲ್ಲ. ಆಮೇಲೆ ಹುಡುಕಿದರೆ ಕೈಚೀಲ, ಮಗ್ಗು, ಎಲ್ಲದರ ಮೇಲೂ ಅವೇ ಆರು ಚಿತ್ರ.

ಫೋನ್ ಮಾಡಿದೆ. "ದುಡ್ಡು ಕೊಟ್ಟಿದ್ದೀವಲ್ಲ ಮೇಡಂ, ಮತ್ತೇನು?" ಅಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಚಿತ್ರ ನನ್ನದು, ಹಕ್ಕು ನನ್ನದೇ ಇರಬೇಕು ಅಂತ ಜಗಳಕ್ಕೆ ಹೊರಟವಳಿಗೆ ವಕೀಲೆಯಾಗಿರುವ ಗೆಳತಿ 1957ರ ಕೃತಿಸ್ವಾಮ್ಯ ಕಾಯ್ದೆ ತೆಗೆದು ತೋರಿಸಿದಳು. ನಾವು ಸುಮ್ನೆ ನಮ್ಮಷ್ಟಕ್ಕೆ ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಮ್ಮದು, ನೋಂದಣಿ ಕಡ್ಡಾಯವಲ್ಲ, ನಾವು ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಆದರೆ ದುಡ್ಡು ಕೊಟ್ಟು ಯಾರಾದರೂ ಬರೆಸಿಕೊಂಡ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕು ಬರೆಸಿಕೊಂಡವರದ್ದು! ನನಗೆ ನೆಲ ಕುಸಿದ ಹಾಗಾಯಿತು. ಇಷ್ಟು ವರ್ಷ ಪುಸ್ತಕದ ಮುಖಪುಟ, ಆಮಂತ್ರಣ, ಭಾವಚಿತ್ರ ಅಂತ ಬರೆದುಕೊಟ್ಟದ್ದೆಲ್ಲ ನೆನಪಾಯಿತು. ಒಂದಕ್ಕೂ ಕಾಗದ ಇಲ್ಲ.

ಒಂದು ಮಾತ್ರ ಉಳಿದಿತ್ತು. ಹಕ್ಕು ಯಾರ ಕೈಗೆ ಹೋದರೂ ಇದನ್ನು ಬರೆದವರು ನಾನು ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದರದ್ದೇ, ಅದು 57ನೇ ಸೆಕ್ಷನ್. ಅದನ್ನು ಬರೆದು, ಮರ್ಯಾದೆಯಿಂದಲೇ ಒಂದು ಪತ್ರ ಕಳಿಸಿದೆವು. ಮುಂದಿನ ಮುದ್ರಣದಲ್ಲಿ ಹೆಸರು ಹಾಕುತ್ತೇವೆ ಅಂತ ಒಪ್ಪಿದರು, ಹಾಕಿದರು. ದುಡ್ಡು ಬರಲಿಲ್ಲ. ಕೇಳುವ ದಾರಿಯೂ ನನಗಿರಲಿಲ್ಲ.

ಅವತ್ತಿನಿಂದ ಯಾವ ಕೆಲಸವೇ ಬರಲಿ, ಒಂದು ಪುಟದ ಒಪ್ಪಂದ ಇಲ್ಲದೆ ಪೆನ್ಸಿಲ್ ಮುಟ್ಟುವುದಿಲ್ಲ. ಕನ್ನಡದಲ್ಲೇ ಬರೆದಿದ್ದೇನೆ. ಎಷ್ಟು ಚಿತ್ರ, ಯಾವ ಅಳತೆ, ಎಲ್ಲೆಲ್ಲಿ ಎಷ್ಟು ವರ್ಷ ಬಳಸಬಹುದು, ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ, ಹೆಸರು ಹಾಕಬೇಕು, ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯದಕ್ಕೆ ಬೇರೆ ದುಡ್ಡು, ಅರ್ಧ ಮುಂಗಡ. ಇಷ್ಟೇ. ಮೊದಲ ಸಲ ಕಳಿಸಿದಾಗ ಒಬ್ಬರು "ನಂಬಿಕೆ ಇಲ್ವಾ ಮೇಡಂ?" ಅಂತ ಕೇಳಿ ಮತ್ತೆ ಫೋನೇ ಮಾಡಲಿಲ್ಲ. ಬೇಜಾರಾಯಿತು. ಆದರೆ ಅದರ ಮೇಲೆ ಬಂದ ನಾಲ್ವರಲ್ಲಿ ಮೂವರು ಓದಿ, ಸಹಿ ಹಾಕಿ, ಮುಂಗಡ ಕಳಿಸಿದರು. ಒಬ್ಬ ಪ್ರಕಾಶಕರಂತೂ "ಒಳ್ಳೇದಾಯ್ತು, ನಮಗೂ ಸ್ಪಷ್ಟ ಆಯ್ತು" ಅಂದರು.

ಪುಕ್ಕಟೆ ಕೆಲಸದ ಬಗ್ಗೆ ನನ್ನ ಮಾತು ಕೆಲವರಿಗೆ ಕಹಿ ಅನ್ನಿಸಬಹುದು. ಸಂಬಂಧಿಕರ ಮದುವೆ ಆಮಂತ್ರಣ, ವಾರ್ಷಿಕೋತ್ಸವದ ಪರದೆ, ಲೇಔಟಿನ ಗೋಡೆ. ಕೇಳುವವರ ಮಾತು ಒಂದೇ: "ನಿನಗೇನು, ಅರ್ಧ ಗಂಟೆ ಕೆಲಸ." ಶಾಮಿಯಾನದವರಿಗೆ, ಅಡುಗೆಯವರಿಗೆ, ಫೋಟೋದವರಿಗೆ ಮುಂಗಡ ಕೊಟ್ಟು ಬಂದವರೇ ಈ ಮಾತು ಹೇಳುತ್ತಾರೆ. ‘ನಿನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತೆ’ ಅನ್ನುತ್ತಾರೆ. ಗೊತ್ತಾಗುವುದು ನಿಜ, ಪುಕ್ಕಟೆ ಬರೆದುಕೊಡುವವಳು ಅಂತ ಗೊತ್ತಾಗುತ್ತದೆ. ನಾನು ಈಗಲೂ ಪುಕ್ಕಟೆ ಬರೆಯುತ್ತೇನೆ, ನಮ್ಮೂರ ಸರ್ಕಾರಿ ಶಾಲೆಗೆ ಮತ್ತು ನನಗೆ ತುಂಬಾ ಬೇಕಾದವರಿಗೆ. ಅದನ್ನು ನಾನೇ ಆರಿಸಿಕೊಳ್ಳುತ್ತೇನೆ. ಉಳಿದವರಿಗೆ "ಆಗಲ್ಲ" ಅಂತ ಹೇಳಲು ಕಲಿತಿದ್ದೇನೆ. ಕಾರಣ ಹೇಳುತ್ತಾ ಕೂರುವುದಿಲ್ಲ, ಕಾರಣ ಹೇಳಿದಷ್ಟೂ ಅವರು ಅದಕ್ಕೊಂದು ಪರಿಹಾರ ಹುಡುಕುತ್ತಾರೆ.

2025ರ ಜನವರಿ 5ಕ್ಕೆ ಮತ್ತೆ ಸಂತೆ. ಈ ಸಲ ಒಂಬತ್ತೇ ಚಿತ್ರ ಒಯ್ದೆ. ನಾಲ್ಕಕ್ಕೆ ಮಾತ್ರ ಫ್ರೇಮ್, ಉಳಿದವಕ್ಕೆ ಮೌಂಟು ಹಾಕಿ ಹಿಂದೆ ರಟ್ಟು ಕೊಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟೆ. ಕೊಂಡವರು ತಮ್ಮ ಗೋಡೆಗೆ ಒಪ್ಪುವ ಫ್ರೇಮ್ ತಾವೇ ಹಾಕಿಸಿಕೊಳ್ಳುತ್ತಾರೆ, ಮೆಟ್ರೋದಲ್ಲಿ ಒಯ್ಯುವುದಕ್ಕೂ ಸುಲಭ. ಪ್ರತಿ ಚಿತ್ರದ ಕೆಳಗೂ ಬೆಲೆಯ ಚೀಟಿ ಅಂಟಿಸಿದೆ. ಅರ್ಧ ಹಾಳೆ 7,500, ಕಾಲು ಹಾಳೆ 3,500. ಈ ಚೀಟಿ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಬಾಯಲ್ಲಿ ಹೇಳುವಾಗ ನನ್ನ ದನಿ ನಡುಗುತ್ತದೆ, ಚೀಟಿಯ ದನಿ ನಡುಗುವುದಿಲ್ಲ.

ಬೆಲೆ ನೋಡಿ ಮುಂದೆ ಹೋದವರು ಬಹಳ ಜನ. ಮಧ್ಯಾಹ್ನ ಎರಡು ಗಂಟೆಯವರೆಗೆ ಒಂದೂ ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ, ಧಾರವಾಡದಿಂದ ಬಂದ ಹಿರಿಯ ಕಲಾವಿದರೊಬ್ಬರು ನನ್ನ ಮುಖ ನೋಡಿ ತಮ್ಮ ಡಬ್ಬಿಯ ರೊಟ್ಟಿ ಕೊಟ್ಟು ಹೇಳಿದರು: "ರೇಟ್ ಇಳಸಬ್ಯಾಡ್ರಿ. ಮುಂಜಾನೆ ಒಬ್ಬರಿಗೆ ಏಳೂವರಿ ಹೇಳಿ ಸಂಜಿಕೆ ಇನ್ನೊಬ್ಬರಿಗೆ ನಾಕು ಸಾವಿರಕ್ಕ ಕೊಟ್ರ, ಮುಂಜಾನಿ ಬಂದಾವ್ರಿಗೆ ನೀವು ಸುಳ್ಳು ಹೇಳಿದಂಗ ಆಕ್ಕೈತಿ." ರೊಟ್ಟಿ ತಿಂದೆ, ಕೂತೆ.

ಮೂರರ ಮೇಲೆ ಒಂದೊಂದಾಗಿ ಐದು ಹೋದವು. ಮೂರು ದೊಡ್ಡವು, ಎರಡು ಚಿಕ್ಕವು, 29,500.

ಅದರಲ್ಲಿ ಒಂದು ಚಿಕ್ಕದನ್ನು ಕೊಂಡವರು ಹಿಂದಿನ ವರ್ಷ ಬೋಣಿ ಮಾಡಿದ್ದ ಆ ದಂಪತಿ. ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ತೋಟದ ಚಿತ್ರ ಅವರ ದೇವರ ಮನೆಯ ಎದುರಿನ ಗೋಡೆಯಲ್ಲಿದೆಯಂತೆ. ಆ ಅಮ್ಮ ಚೀಟಿ ನೋಡಿದರು, ನನ್ನ ಮುಖ ನೋಡಿದರು. "ಹೋದ ವರ್ಷ ನಮಗೆ ಇಷ್ಟು ದೊಡ್ಡದನ್ನ ಎರಡೂವರೆಗೆ ಕೊಟ್ಯಲ್ಲಮ್ಮಾ?" ಅಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಗ ನನಗೆ ಬೆಲೆ ಹೇಳೋಕೆ ಬರ್ತಿರಲಿಲ್ಲ ಅಮ್ಮಾ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ರೆ ಆವತ್ತೇ ಕೊಡ್ತಿದ್ವಲ್ಲೇ" ಅಂದರು. ಅದನ್ನು ಯೋಚಿಸಿದರೆ ಈಗಲೂ ಗಂಟಲು ಕಟ್ಟುತ್ತದೆ.

ಎಲ್ಲ ಸರಿಹೋಗಿದೆ ಅಂತಲ್ಲ. ಸಂತೆ ವರ್ಷಕ್ಕೆ ಒಂದು ದಿನ. ಮಳೆಗಾಲದಲ್ಲಿ ಎರಡು ತಿಂಗಳು ಒಂದು ಚಿತ್ರವೂ ಹೋಗದೆ ಕ್ಲಾಸಿನ ಫೀಸಿನಲ್ಲೇ ಬಾಡಿಗೆ ಕಟ್ಟಿದ್ದೇನೆ. ಪುಸ್ತಕದ ಒಳಚಿತ್ರದ ಕೆಲಸ ಮೊದಲಿನಷ್ಟು ಬರುತ್ತಿಲ್ಲ, ಎಐ ಬಂದಿದೆ. ಈಚೆಗೆ ಒಬ್ಬರು ಅದರಲ್ಲಿ ಮಾಡಿಸಿದ ಅಡಿಕೆ ತೋಟದ ಚಿತ್ರ ಕಳಿಸಿ, "ಹೀಗೇ ಬೇಕು, ಇದು ಎರಡು ನಿಮಿಷದಲ್ಲಿ ಆಯ್ತು, ನೀವು ಸ್ವಲ್ಪ ಕೈಕೆಲಸದ ಹಾಗೆ ಮಾಡಿಕೊಡಿ" ಅಂದರು. ಅಪ್ಪನಿಗೆ ಅದನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಎಂತದೆ ಇದು, ತೆಂಗಾ ಅಡಿಕೆಯಾ?" ಅಂದರು. ಅಡಿಕೆಗೊನೆ ತೆಂಗಿನ ಹಾಗೆ ಗರಿಗಳ ನಡುವೆ ನೇತಾಡುತ್ತಿತ್ತು. ಅಡಿಕೆ ಮರದಲ್ಲಿ ಗರಿಯ ಬುಡದ ಹಾಳೆ ಕಳಚಿ ಬಿದ್ದ ಜಾಗದಲ್ಲಿ, ಗರಿಗಳಿಗಿಂತ ಕೆಳಗೆ, ಹಿಂಗಾರ ಅಂದರೆ ಹೂಗೊಂಚಲು ಒಡೆಯುವುದು. ತೋಟದಲ್ಲಿ ಒಂದು ಸಲ ತಲೆ ಎತ್ತಿ ನೋಡಿದವರಿಗೆ ಗೊತ್ತಾಗುತ್ತದೆ. ಯಂತ್ರದ ಮೇಲೆ ನನಗೆ ದ್ವೇಷ ಇಲ್ಲ, ನಾಳೆ ಅದು ಇದನ್ನೂ ಸರಿಯಾಗಿ ಬರೆಯಬಹುದು. ನನ್ನ ಸಂಕಟ ಬೇರೆ. ನಾವೆಲ್ಲ ವರ್ಷಗಟ್ಟಲೆ ನೋಡಿ ಬರೆದ ಚಿತ್ರಗಳನ್ನು ಕೇಳದೆ ತೆಗೆದುಕೊಂಡು ಅದಕ್ಕೆ ಕಲಿಸಿದ್ದಾರೆ, ಈಗ ಅದರ ದರವನ್ನೇ ತೋರಿಸಿ ನಮ್ಮ ದರ ಇಳಿಸಲು ಕೇಳುತ್ತಾರೆ. ಆ ಕೆಲಸ ನಾನು ಒಪ್ಪಿಕೊಳ್ಳಲಿಲ್ಲ. ತೋಟಕ್ಕೆ ಬಂದು ನೋಡಿ ಹೋಗಿ ಅಂತ ಮಾತ್ರ ಹೇಳಿದೆ.

ಈಗ ಒಂದು ಹೋಂಸ್ಟೇಗೆ ಎಂಟು ಚಿತ್ರ ಬರೆಯುತ್ತಿದ್ದೇನೆ. ಬೆಲೆ ಕೇಳಿದಾಗ ಮೆಸೇಜಿನಲ್ಲಿ ಅಂಕಿ ಟೈಪ್ ಮಾಡಿ, ಅದರ ಕೆಳಗೆ ‘ಸ್ವಲ್ಪ ಕಡಿಮೆ ಮಾಡಬಹುದು’ ಅಂತಲೂ ಬರೆದಿದ್ದೆ. ಕಳಿಸುವ ಮೊದಲು ಆ ಸಾಲನ್ನು ಅಳಿಸಿದೆ. ಮುಂಗಡ ಮರುದಿನ ಬಂತು.

ಕಲಾಶಾಲೆಯಿಂದ ಈಗತಾನೇ ಹೊರಗೆ ಬಂದವರಿಗೆ ನನ್ನ ಆ ಒಂದು ಪುಟದ ಒಪ್ಪಂದ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ನಿಮ್ಮ ಹೆಸರು ಹಾಕಿಕೊಂಡು, ನಿಮಗೆ ಬೇಕಾದ ಹಾಗೆ ತಿದ್ದಿಕೊಂಡು ಬಳಸಿ.